ಬೀಜದ್ದೇನೂ ತಪ್ಪಿಲ್ಲ: ಡೈವರ್ಟಿಕ್ಯುಲೈಟಿಸ್ ಮರುಕಳಿಸದಂತೆ ತಡೆಯೋದು ಯಾಕಿಷ್ಟು ಕಷ್ಟ?

ಉಡುಪಿಯಲ್ಲಿರುವ ನನ್ನ ಮಾವನ ಮನೆಯಲ್ಲಿ ಎರಡು ವರ್ಷದಿಂದ ಒಂದು ಕೆಲಸ ತಪ್ಪದೆ ನಡೆಯುತ್ತಿದೆ. ಅತ್ತೆ ಮುಳ್ಳುಸೌತೆಯನ್ನು ಉದ್ದಕ್ಕೆ ಸೀಳುತ್ತಾರೆ. ಚಮಚದಿಂದ ನಡುವಿನ ಬೀಜವನ್ನೆಲ್ಲ ಕೆರೆದು ತೆಗೆಯುತ್ತಾರೆ. ಆಮೇಲೆ ಬೆರಳಿನಿಂದ ಸವರಿ, ಒಂದೂ ಉಳಿದಿಲ್ಲ ಅಂತ ನೋಡಿಕೊಳ್ಳುತ್ತಾರೆ. ಟೊಮೆಟೊ ಸಾರು ಸೋಸಿದ ಮೇಲೆಯೇ ಒಗ್ಗರಣೆ, ಅದೂ ಸಾಸಿವೆ ಇಲ್ಲದೆ. ಬೆಂಡೆಕಾಯಿ ಬಂದ್. ಹಿತ್ತಲಿನ ಪೇರಳೆ ಈಗ ಪೂರ್ತಿ ಬಾವಲಿಗಳ ಪಾಲು.

ಕಾರಣ, ಮಾವನಿಗೆ ಬಂದ ಡೈವರ್ಟಿಕ್ಯುಲೈಟಿಸ್. ಹೊಟ್ಟೆಯ ಎಡಭಾಗದ ಕೆಳಗೆ ನೋವು, ಜ್ವರ, ಸಿಟಿ ಸ್ಕ್ಯಾನ್, ನಾಲ್ಕು ದಿನ ಆಸ್ಪತ್ರೆ. ಬಿಡುಗಡೆ ಆಗುವಾಗ ಕೈಗೊಂದು ಪಥ್ಯದ ಚೀಟಿ ಕೊಟ್ಟಿದ್ದರು. ಎಷ್ಟು ಸಲ ಜೆರಾಕ್ಸ್ ಆಗಿತ್ತೋ ಏನೋ, ಅಕ್ಷರದ ಅರ್ಧ ಮಾಸಿಹೋಗಿತ್ತು. ಅದರಲ್ಲಿ ಓದಲು ಬರುತ್ತಿದ್ದ ಸಾಲು ಒಂದೇ: ಬೀಜ ಇರುವ ಯಾವುದನ್ನೂ ತಿನ್ನಬಾರದು. ಒಂಬತ್ತು ತಿಂಗಳ ನಂತರ ನೋವು ಮತ್ತೆ ಬಂತು. ಅತ್ತೆಗೆ ತಮ್ಮ ಮೇಲೇ ಸಿಟ್ಟು. ಯಾವ ದಿನ, ಯಾವ ಪಲ್ಯದಲ್ಲಿ, ಯಾವ ಬೀಜ ತಪ್ಪಿಹೋಯಿತು ಅಂತ ವಾರಗಟ್ಟಲೆ ಲೆಕ್ಕ ಹಾಕಿದರು.

ಬೀಜದ್ದೇನೂ ತಪ್ಪಿಲ್ಲ. ಇದು ಗೊತ್ತಾಗಿದ್ದು 2008ರಲ್ಲೇ. ಆ ಚೀಟಿ ಮಾತ್ರ ಇನ್ನೂ ಹಳೆಯ ಕಾಲದಲ್ಲೇ ಇದೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ದೊಡ್ಡ ಕರುಳಿನ ಸ್ನಾಯುವನ್ನು ಸೀಳಿಕೊಂಡು ರಕ್ತನಾಳಗಳು ಒಳಗೆ ಹೋಗುವ ಜಾಗ ಸ್ವಲ್ಪ ದುರ್ಬಲ. ವಯಸ್ಸಾದ ಹಾಗೆ ಅಲ್ಲಿ ಒಳಪದರ ಹೊರಗೆ ಉಬ್ಬುತ್ತದೆ. ಸವೆದ ಟೈರಿನ ತೂತಿನಲ್ಲಿ ಟ್ಯೂಬ್ ಇಣುಕುತ್ತದಲ್ಲ, ಹಾಗೆ. ಬಟಾಣಿ ಗಾತ್ರದ ಈ ಚೀಲಗಳು ಸುಮ್ನೆ ಇದ್ದರೆ ಅದು ಡೈವರ್ಟಿಕ್ಯುಲೋಸಿಸ್. ಅವಕ್ಕೆ ಉರಿಯೂತ ಬಂದರೆ ಡೈವರ್ಟಿಕ್ಯುಲೈಟಿಸ್. ಚೀಲ ಇರುವ ಹೆಚ್ಚಿನವರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಬೇರೆ ಯಾವುದಕ್ಕೋ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ. ಹಳೆಯ ಪಠ್ಯಪುಸ್ತಕಗಳು ಇಂಥವರಲ್ಲಿ ಶೇ. 10ರಿಂದ 25 ಮಂದಿಗೆ ಉರಿಯೂತ ಆಗುತ್ತದೆ ಅನ್ನುತ್ತಿದ್ದವು. 2013ರಲ್ಲಿ ಅಮೆರಿಕದ ಮಾಜಿ ಸೈನಿಕರ ಹನ್ನೊಂದು ವರ್ಷಗಳ ದಾಖಲೆ ತಿರುವಿ ಹಾಕಿದಾಗ ಸಿಕ್ಕಿದ್ದು ಶೇ. 4ರಷ್ಟು ಮಾತ್ರ. ಸ್ಕ್ಯಾನ್ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಖಚಿತವಾದದ್ದು ಮಾತ್ರ ಲೆಕ್ಕ ಅಂದರೆ ಶೇ. 1.

ಒಮ್ಮೆ ಬಂದವರ ಕಥೆ ಬೇರೆ. ಅಮೆರಿಕದ ಮಿನೆಸೋಟದ ಓಮ್‌ಸ್ಟೆಡ್ ಕೌಂಟಿಯಲ್ಲಿ ಇಡೀ ಊರಿನ ವೈದ್ಯಕೀಯ ದಾಖಲೆಗಳನ್ನು ದಶಕಗಳಿಂದ ಜೋಡಿಸಿ ಇಟ್ಟಿದ್ದಾರೆ. 2015ರಲ್ಲಿ ಬಂದ ಅಲ್ಲಿನ ಲೆಕ್ಕದ ಪ್ರಕಾರ ಮೊದಲ ಸಲ ಡೈವರ್ಟಿಕ್ಯುಲೈಟಿಸ್ ಆದವರಲ್ಲಿ ಒಂದು ವರ್ಷದೊಳಗೆ ಶೇ. 8, ಹತ್ತು ವರ್ಷದೊಳಗೆ ಶೇ. 22 ಮಂದಿಗೆ ಅದು ಮತ್ತೆ ಬಂತು. ಎರಡನೇ ಸಲವೂ ಬಂದವರಲ್ಲಿ ಹತ್ತು ವರ್ಷದೊಳಗೆ ಮೂರನೆಯದು ಬಂದದ್ದು ಶೇ. 55 ಮಂದಿಗೆ. ಅಂದರೆ ಮೊದಲನೆಯದಾದ ಮೇಲೆ ಹೆಚ್ಚಿನವರು ಪಾರಾಗುತ್ತಾರೆ. ಎರಡನೆಯದಾದ ಮೇಲೆ ಆಟ ಬದಲಾಗುತ್ತದೆ. ಮಾವ ಈಗ ಇರುವುದು ಅಲ್ಲಿ.

ಬೀಜದ ಸಿದ್ಧಾಂತ ಹುಟ್ಟಿದ್ದು ಯಾವ ಪ್ರಯೋಗದಿಂದಲೂ ಅಲ್ಲ. ಕೇಳಿದರೆ ಸರಿ ಅನಿಸುತ್ತದೆ, ಅಷ್ಟೇ: ಸಣ್ಣ ಚೀಲ, ಸಣ್ಣ ಬೀಜ, ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ನಿಜವಾಗಿ ಪರೀಕ್ಷೆಗೆ ಹಚ್ಚಿದ್ದು ಅಮೆರಿಕದ ವೈದ್ಯೆ ಲೀಸಾ ಸ್ಟ್ರೇಟ್ ಮತ್ತು ಅವರ ತಂಡ. 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 18 ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಗೋಡಂಬಿ, ನೆಲಗಡಲೆಯಂಥವು, ಮುಸುಕಿನ ಜೋಳ, ಪಾಪ್‌ಕಾರ್ನ್ ಜಾಸ್ತಿ ತಿಂದವರಿಗೆ ಕಾಯಿಲೆ ಜಾಸ್ತಿ ಬಂತಾ? ಇಲ್ಲ. ಗೋಡಂಬಿ, ನೆಲಗಡಲೆಯಂಥವು ಮತ್ತು ಪಾಪ್‌ಕಾರ್ನ್ ಹೆಚ್ಚು ತಿಂದವರಲ್ಲಿ ಅಪಾಯ ಇನ್ನೂ ಕಡಿಮೆಯೇ ಇತ್ತು. ಇದನ್ನು ಅತ್ತೆಗೆ ಹೇಳಿದೆ. "ಅಮೆರಿಕದವರಿಗೆ ಪೇರಳೆ ಬೀಜ ಗೊತ್ತುಂಟಾ ಮಾರಾಯಾ?" ಅಂದರು. ಆ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ, ಮುಂದೆ ಬರುತ್ತೇನೆ.

ಈ ಕಾಯಿಲೆಯ ಇತಿಹಾಸವೇ ಹೀಗೆ. ಒಂದು ತಲೆಮಾರು ಗಟ್ಟಿಯಾಗಿ ಹೇಳಿದ್ದನ್ನು ಮುಂದಿನ ತಲೆಮಾರು ತಿರುಗಿಸಿ ಹಾಕುತ್ತದೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ವೈದ್ಯರು ನಾರಿನ ಅಂಶ ಕಡಿಮೆ ಮಾಡಿ ಅನ್ನುತ್ತಿದ್ದರು. 1971ರಲ್ಲಿ ನೀಲ್ ಪೇಂಟರ್ ಮತ್ತು ಡೆನಿಸ್ ಬರ್ಕಿಟ್ ಅದಕ್ಕೆ ಉಲ್ಟಾ ಹೊಡೆದರು. ಬರ್ಕಿಟ್ ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸರ್ಜನ್. ಹಳ್ಳಿಯ ಆಫ್ರಿಕನ್ನರಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಬ್ರಿಟನ್ನಿನಲ್ಲಿ ಧಾರಾಳ. ವ್ಯತ್ಯಾಸ ನಯಗೊಳಿಸಿದ ಹಿಟ್ಟಿನಲ್ಲಿದೆ, ನಾರಿನ ಕೊರತೆಯೇ ಕಾರಣ ಅಂದರು. ಜಗತ್ತು ಒಪ್ಪಿತು. ನಲವತ್ತು ವರ್ಷದ ನಂತರ, 2012ರಲ್ಲಿ, ಆನ್ ಪೀರಿ ಎಂಬ ಸಂಶೋಧಕಿ ಕೊಲೊನೊಸ್ಕೋಪಿ ಮಾಡಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ಜನರ ಊಟ ಕೇಳಿ ತಿಳಿದು ನೋಡಿದರು. ನಾರು ಜಾಸ್ತಿ ತಿಂದವರಲ್ಲಿ ಚೀಲ ಕಡಿಮೆ ಇರಲಿಲ್ಲ, ಜಾಸ್ತಿಯೇ ಇದ್ದವು! ಹಾಗಂತ ನಾರು ಬಿಟ್ಟುಬಿಡಿ ಅಂತಲ್ಲ. ಚೀಲ ಹುಟ್ಟುವುದು ಬೇರೆ, ಇರುವ ಚೀಲಕ್ಕೆ ಉರಿಯೂತ ಬರುವುದು ಬೇರೆ. ಎರಡನೆಯದರಲ್ಲಿ ನಾರು ಕಾಪಾಡುತ್ತದೆ ಅನ್ನುವುದಕ್ಕೆ ದೊಡ್ಡ ಅಧ್ಯಯನಗಳ ಬೆಂಬಲ ಇದೆ. ಬರ್ಕಿಟ್ ಅರ್ಧ ಸರಿ, ಅರ್ಧ ತಪ್ಪು.

ಈಗ ಮಾತ್ರೆಯ ವಿಷಯ. ಎಲ್ಲರೂ ಕೇಳುವುದು ಇದನ್ನೇ ಅಲ್ವಾ? ದಿನಕ್ಕೊಂದು ಗುಳಿಗೆ ನುಂಗಿದರೆ ಮತ್ತೆ ಬರದೇ ಇರುತ್ತದಾ?

ಮೆಸಲಮಿನ್ ಅಂತ ಒಂದು ಔಷಧಿ ಇದೆ. ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದೂ ಕರುಳಿನ ಉರಿಯೂತ, ಇದೂ ಕರುಳಿನ ಉರಿಯೂತ. ಇಟಲಿಯ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಹಾಗಾಗಿ ಎರಡು ದೊಡ್ಡ ಟ್ರಯಲ್ ಮಾಡಿದರು, ಹೆಸರೇ 'ಪ್ರಿವೆಂಟ್'. ಒಂದರಲ್ಲಿ 590 ಜನ, ಇನ್ನೊಂದರಲ್ಲಿ 592. ಕೆಲವರಿಗೆ ಬೇರೆ ಬೇರೆ ಡೋಸಿನಲ್ಲಿ ಮೆಸಲಮಿನ್, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಎರಡು ವರ್ಷ ನಡೆಯಿತು. ಬರೀ ಹೊಟ್ಟೆನೋವು ಬಂದರೆ ಮರುಕಳಿಸಿತು ಅಂತ ಬರೆಯುವ ಹಾಗಿರಲಿಲ್ಲ. ಆಪರೇಷನ್ ಆಗಿರಬೇಕು, ಇಲ್ಲವೇ ಸಿಟಿ ಸ್ಕ್ಯಾನಿನಲ್ಲಿ ಕರುಳಿನ ಗೋಡೆ 5 ಮಿಲಿಮೀಟರಿಗಿಂತ ದಪ್ಪ ಆಗಿರುವುದೋ ಸುತ್ತಲಿನ ಕೊಬ್ಬಿನಲ್ಲಿ ಉರಿಯೂತದ ಗೆರೆಗಳೋ ಕಾಣಬೇಕು.

2014ರಲ್ಲಿ ಫಲಿತಾಂಶ ಬಂತು. ಮೊದಲ ಟ್ರಯಲ್‌ನಲ್ಲಿ ಮೆಸಲಮಿನ್ ತಿಂದವರಲ್ಲಿ ಎರಡು ವರ್ಷ ಮರುಕಳಿಸದೆ ಇದ್ದವರು ಶೇ. 53ರಿಂದ 63. ಖಾಲಿ ಗುಳಿಗೆ ತಿಂದವರಲ್ಲಿ ಶೇ. 65. ಎರಡನೇ ಟ್ರಯಲ್‌ನಲ್ಲಿ ಶೇ. 59ರಿಂದ 69, ಖಾಲಿ ಗುಳಿಗೆಯವರಲ್ಲಿ ಶೇ. 68. ಅಂದರೆ ಏನೂ ವ್ಯತ್ಯಾಸ ಇಲ್ಲ. ಮರುವರ್ಷವೇ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ವೈದ್ಯರ ಸಂಘ ಇದಕ್ಕೆ ಮೆಸಲಮಿನ್ ಕೊಡಬೇಡಿ ಅಂತ ಬರೆಯಿತು.

ಸೋತ ಟ್ರಯಲ್ ಅಂತ ಪತ್ರಿಕೆಗಳಲ್ಲಿ ಇದು ಸುದ್ದಿಯಾಗುವುದಿಲ್ಲ. ನನಗೆ ಮಾತ್ರ ಈ ಕಾಯಿಲೆಯ ಬಗ್ಗೆ ಓದಿದ್ದರಲ್ಲೆಲ್ಲ ಹೆಚ್ಚು ಕಲಿಸಿದ್ದು ಇದೇ. ಆ ಶೇ. 65 ಅನ್ನುವುದನ್ನು ಇನ್ನೊಮ್ಮೆ ನೋಡಿ. ಏನೂ ಇಲ್ಲದ ಗುಳಿಗೆ ತಿಂದ ಮೂವರಲ್ಲಿ ಇಬ್ಬರು ಎರಡು ವರ್ಷ ಆರಾಮಾಗಿದ್ದರು. ಈಗ ಅದೇ ಮೂವರಿಗೆ ಗುಳಿಗೆಯ ಬದಲು ಕಷಾಯ ಕೊಟ್ಟಿದ್ದರೆ? ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಕೊಟ್ಟಿದ್ದರೆ? ಮುಳ್ಳುಸೌತೆಯ ಬೀಜ ತೆಗೆದು ಕೊಟ್ಟಿದ್ದರೆ? ಇಬ್ಬರು "ನನಗೆ ಇದರಿಂದಲೇ ಗುಣ ಆಯಿತು" ಅಂತ ಆಣೆ ಇಟ್ಟು ಹೇಳುತ್ತಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಹೋಲಿಸಿ ನೋಡಲು ಎದುರಿಗೆ ಇನ್ನೊಂದು ಗುಂಪು ಇರಲಿಲ್ಲ, ಅಷ್ಟೇ. ತಾನಾಗಿಯೇ ಸುಮ್ಮನಿರುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ಹೆಸರು ಬರುತ್ತದೆ.

ಇದೇ ಕಾರಣಕ್ಕೆ ಈ ಸಂಶೋಧನೆ ದುಬಾರಿ ಕೂಡ. ಓಮ್‌ಸ್ಟೆಡ್‌ನ ಲೆಕ್ಕ ಹಿಡಿಯಿರಿ: ಮೊದಲ ಸಲದವರಲ್ಲಿ ಒಂದು ವರ್ಷದೊಳಗೆ ಮತ್ತೆ ಬರುವುದು ಶೇ. 8. ಒಂದು ಹೊಸ ಮದ್ದು ಅದನ್ನು ಅರ್ಧಕ್ಕೆ, ಅಂದರೆ ಶೇ. 4ಕ್ಕೆ ಇಳಿಸುತ್ತದೆ ಅಂತಿಟ್ಟುಕೊಳ್ಳಿ. ಅದ್ಭುತ ಮದ್ದು ಅನ್ನಬೇಕು. ಅದನ್ನು ಒಂದು ವರ್ಷದಲ್ಲಿ ಸಾಬೀತು ಮಾಡಲು ಎಷ್ಟು ರೋಗಿಗಳು ಬೇಕು? ಮಾಮೂಲಿ ಸಂಖ್ಯಾಶಾಸ್ತ್ರದ ಸೂತ್ರಕ್ಕೆ ಹಾಕಿದರೆ ಎರಡೂ ಗುಂಪು ಸೇರಿ ಸುಮಾರು 1,100. ನಡುವೆ ಬಿಟ್ಟುಹೋಗುವವರು ಇದ್ದೇ ಇರುತ್ತಾರೆ, ಅವರಿಗೂ ಸೇರಿಸಿ ಇನ್ನಷ್ಟು. ನೂರಿನ್ನೂರು ಜನರ ಮೇಲೆ ನೋಡಿ ಕೆಲಸ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಹುಬ್ಬೇರಿಸುವುದು ಒಳ್ಳೆಯದು. ರಿಫಾಕ್ಸಿಮಿನ್ ಅನ್ನುವ ಆಂಟಿಬಯಾಟಿಕ್‌ನ ಕಥೆ ಇದೇ. 2013ರ ಸ್ಪೇನ್‌ನ ಟ್ರಯಲ್‌ನಲ್ಲಿ ನಾರಿನ ಜೊತೆ ಅದನ್ನು ಪ್ರತಿ ತಿಂಗಳು ಒಂದು ವಾರ ಕೊಟ್ಟವರಲ್ಲಿ ಶೇ. 10.4 ಮಂದಿಗೆ, ಬರೀ ನಾರು ಕೊಟ್ಟವರಲ್ಲಿ ಶೇ. 19.3 ಮಂದಿಗೆ ಮರುಕಳಿಸಿತು. ನೋಡಲು ಚಂದ. ಆದರೆ ಇದ್ದದ್ದು 165 ಜನ, ಯಾರಿಗೆ ಏನು ಕೊಟ್ಟದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಅಮೆರಿಕದ ಸಂಘ ಇದನ್ನೂ ಪ್ರೊಬಯಾಟಿಕ್‌ಗಳನ್ನೂ ಬೇಡ ಅಂದಿತು.

ಆಸ್ಪತ್ರೆಯಲ್ಲಿ ಕೊಡುವ ಆಂಟಿಬಯಾಟಿಕ್ ಮುಂದಿನ ದಾಳಿಯನ್ನು ತಡೆಯುತ್ತದಾ? ಸ್ವೀಡನ್ ಮತ್ತು ಐಸ್‌ಲೆಂಡ್‌ನ 623 ರೋಗಿಗಳ ಮೇಲೆ ಇದನ್ನು ನೋಡಿದ್ದಾರೆ. ಕೀವು, ತೂತು ಇಲ್ಲದ ಸಾದಾ ಡೈವರ್ಟಿಕ್ಯುಲೈಟಿಸ್‌ನವರಲ್ಲಿ ಅರ್ಧ ಮಂದಿಗೆ ಆಂಟಿಬಯಾಟಿಕ್, ಅರ್ಧ ಮಂದಿಗೆ ಬರೀ ಡ್ರಿಪ್. ಒಂದು ವರ್ಷದಲ್ಲಿ ಎರಡೂ ಕಡೆ ಶೇ. 16 ಮಂದಿ ಮತ್ತೆ ಆಸ್ಪತ್ರೆಗೆ ಬಂದರು. ನೆದರ್ಲೆಂಡ್ಸ್ ಮತ್ತು ಸ್ಪೇನ್‌ನ ಟ್ರಯಲ್‌ಗಳೂ ಆಂಟಿಬಯಾಟಿಕ್ ಇಲ್ಲದೆ ನಡೆಯುತ್ತದೆ ಅಂದವು. ಜ್ವರ ಜೋರಿದ್ದರೆ, ರೋಗನಿರೋಧಕ ಶಕ್ತಿ ಕಡಿಮೆ ಇದ್ದರೆ ಲೆಕ್ಕ ಬೇರೆ, ಅದು ವೈದ್ಯರ ತೀರ್ಮಾನ.

ಉಳಿದದ್ದು ಕತ್ತರಿ. ಹಿಂದೆ ಒಂದು ಸರಳ ನಿಯಮ ಇತ್ತು: ಎರಡು ಸಲ ಬಂದರೆ ಆ ಭಾಗದ ಕರುಳನ್ನು ತೆಗೆದುಹಾಕಿ. ಪ್ರತಿ ಸಲವೂ ಅಪಾಯ ಏರುತ್ತದೆ, ಮುಂದೊಂದು ದಿನ ಕರುಳು ಒಡೆಯುತ್ತದೆ ಅನ್ನುವ ಹೆದರಿಕೆ. ಆದರೆ ದಾಖಲೆ ನೋಡುತ್ತಾ ಹೋದ ಹಾಗೆ ಕರುಳು ತೂತಾಗುವಂಥ ದೊಡ್ಡ ಅನಾಹುತ ಹೆಚ್ಚಾಗಿ ಮೊದಲ ದಾಳಿಯಲ್ಲೇ ಆಗುತ್ತದೆ ಅಂತ ಕಂಡಿತು. ಹಾಗಾಗಿ ಎಣಿಸಿ ಕತ್ತರಿಸುವ ನಿಯಮ ಸಡಿಲವಾಯಿತು. ಈಗ ಕೇಳುವ ಪ್ರಶ್ನೆ, ಈ ಕಾಯಿಲೆ ನಿಮ್ಮ ಬದುಕನ್ನು ಎಷ್ಟು ತಿನ್ನುತ್ತಿದೆ?

ಫಿನ್ಲೆಂಡ್‌ನ 'ಲೇಸರ್' ಟ್ರಯಲ್ ಇದನ್ನೇ ಅಳೆಯಿತು (ಲೇಸರ್ ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ, ಬರೀ ಹೆಸರು). ಪದೇ ಪದೇ ನರಳುತ್ತಿದ್ದ 90 ಮಂದಿ. ಎರಡು ವರ್ಷದಲ್ಲಿ ಆಪರೇಷನ್ ಆದವರಲ್ಲಿ ಮರುಕಳಿಸಿದ್ದು ಶೇ. 11, ಆಗದವರಲ್ಲಿ ಶೇ. 61. ದಿನನಿತ್ಯದ ನೆಮ್ಮದಿಯ ಅಂಕವೂ ಆಪರೇಷನ್ ಆದವರದ್ದೇ ಮೇಲೆ. ಇಲ್ಲಿಗೇ ನಿಲ್ಲಿಸಿದರೆ ಎಲ್ಲರೂ ಟೇಬಲ್ ಹತ್ತಬೇಕು ಅನಿಸುತ್ತದೆ. ಆದರೆ ಆಪರೇಷನ್ ಆದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಗಂಭೀರ ತೊಡಕು ಆಯಿತು. ನೆದರ್ಲೆಂಡ್ಸ್‌ನ 'ಡೈರೆಕ್ಟ್' ಟ್ರಯಲ್ ಕೂಡ ಇದೇ ದಿಕ್ಕಿನಲ್ಲಿತ್ತು. ಅಲ್ಲಿ ಆಪರೇಷನ್ ಬೇಡ ಅಂತ ಶುರು ಮಾಡಿದವರಲ್ಲೂ ಐದು ವರ್ಷದೊಳಗೆ ಶೇ. 46 ಮಂದಿ ಕೊನೆಗೆ ಮಾಡಿಸಿಕೊಂಡರು. ಇದನ್ನು ತಿರುಗಿಸಿಯೂ ಓದಬಹುದು: ಅಷ್ಟು ನರಳಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಕತ್ತರಿ ಇಲ್ಲದೆ ದಾಟಿದರು. ಒಂದು ಎಚ್ಚರ ಬೇಕು. ಈ ಎರಡೂ ಟ್ರಯಲ್‌ನವರು ತುಂಬ ಕಷ್ಟಪಟ್ಟವರು. ಒಂದೇ ಸಲ ಬಂದು ಹೋದವರಿಗೆ ಈ ಅಂಕಿ ಅನ್ವಯಿಸುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ವಾ? ಇದೆ. ಆದರೆ ಅದು ಗುಳಿಗೆಯಷ್ಟು ಸುಲಭ ಅಲ್ಲ, ಸಾಕ್ಷಿಯೂ ಟ್ರಯಲ್‌ನಷ್ಟು ಗಟ್ಟಿ ಅಲ್ಲ. 2017ರಲ್ಲಿ ಅದೇ ಅಮೆರಿಕದ ಗಂಡಸರ ಗುಂಪಿನಲ್ಲಿ ಐದು ವಿಷಯ ನೋಡಿದರು: ಕೆಂಪು ಮಾಂಸ ವಾರಕ್ಕೆ ನಾಲ್ಕು ಸಲಕ್ಕಿಂತ ಕಡಿಮೆ, ದಿನಕ್ಕೆ ಸುಮಾರು 23 ಗ್ರಾಂ ನಾರು, ವಾರಕ್ಕೆ ಎರಡು ಗಂಟೆ ಬೆವರು ಹರಿಯುವ ವ್ಯಾಯಾಮ, ಮಿತಿಯಲ್ಲಿರುವ ತೂಕ, ಬೀಡಿ ಸಿಗರೇಟು ಮುಟ್ಟದಿರುವುದು. ಐದೂ ಇದ್ದವರಲ್ಲಿ ಅಪಾಯ ಶೇ. 73 ಕಡಿಮೆ. ಇದು ಮೊದಲ ದಾಳಿಯ ಲೆಕ್ಕ. ಎರಡನೆಯದಕ್ಕೂ ಹೀಗೇ ಇರಬಹುದು ಅಂತ ವೈದ್ಯರು ಅದನ್ನೇ ಎಳೆದು ಹೇಳುತ್ತಾರೆ. ಐದನ್ನೂ ಪಾಲಿಸುವವರು ಬೇರೆ ರೀತಿಯಲ್ಲೂ ಶಿಸ್ತಿನವರೇ ಆಗಿರುತ್ತಾರಲ್ಲ, ಆ ಸಂಶಯವೂ ಇದ್ದೇ ಇದೆ. ಅವಳಿ ಜವಳಿಗಳ ಮೇಲೆ ಸ್ವೀಡನ್, ಡೆನ್ಮಾರ್ಕ್‌ನಲ್ಲಿ ಮಾಡಿದ ಅಧ್ಯಯನಗಳು ಈ ಕಾಯಿಲೆಯ ಒಲವಿನಲ್ಲಿ ಶೇ. 40ರಿಂದ 50ರಷ್ಟು ಹುಟ್ಟಿನಿಂದಲೇ ಬರುತ್ತದೆ ಅನ್ನುತ್ತವೆ. ಇದನ್ನು ಕೇಳಿ ಅತ್ತೆಗೆ ಸ್ವಲ್ಪ ಸಮಾಧಾನ ಆಯಿತು. "ಅವರ ಅಪ್ಪನ ಕಡೆಯದ್ದು ಹಾಗಾದರೆ" ಅಂದರು.

ಕರಾವಳಿಯ ಊಟ ಈ ಪಟ್ಟಿಗೆ ಅಷ್ಟೇನೂ ದೂರ ಇಲ್ಲ. ಹೆಸರುಕಾಳು, ಅಲಸಂಡೆ, ಬಸಳೆ, ಬಾಳೆದಿಂಡು, ಹರಿವೆ, ಪತ್ರೊಡೆ. ನೂರು ಗ್ರಾಂ ಒಣ ಹೆಸರುಕಾಳಿನಲ್ಲೇ ಸುಮಾರು 16 ಗ್ರಾಂ ನಾರಿದೆ. 2018ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮವರಿಗೆ ಖುಷಿ ಕೊಡುವಂಥದ್ದು: ದಿನಕ್ಕೆ ಒಂದು ಪಾಲು ಕೆಂಪು ಮಾಂಸದ ಬದಲು ಮೀನು ಅಥವಾ ಕೋಳಿ ತಿಂದರೆ ಅಪಾಯ ಶೇ. 20ರಷ್ಟು ಕಡಿಮೆ. ಮಲ್ಪೆಯ ಬೂತಾಯಿ, ಬಂಗುಡೆಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಾ? ಆದರೆ ಮಾವನ ತಟ್ಟೆಯನ್ನು ಹತ್ತಿರದಿಂದ ನೋಡಿದೆ. ಬೀಜದ ಹೆದರಿಕೆಯಲ್ಲಿ ತರಕಾರಿ ಅರ್ಧ ಹೋಗಿದೆ, ಕಾಳು ಪೂರ್ತಿ ಹೋಗಿದೆ. ಉಳಿದದ್ದು ಬೆಳ್ತಿಗೆ ಅನ್ನ, ತಿಳಿಸಾರು, ಮೊಸರು. ಪಥ್ಯದ ಚೀಟಿ ಅವರ ನಾರನ್ನೇ ಕಿತ್ತುಕೊಂಡಿತ್ತು.

ಚೀಟಿಯಲ್ಲಿ ಇರಬೇಕಾಗಿದ್ದ ಒಂದು ಸಾಲು ಮಾತ್ರ ಇರಲಿಲ್ಲ. ಮಾವನಿಗೆ ಮಂಡಿನೋವು. ಮೆಡಿಕಲ್‌ಗೆ ಹೋಗಿ "ಒಂದು ಸ್ಟ್ರಿಪ್ ಕೊಡಿ" ಅಂತ ಡೈಕ್ಲೋಫೆನಾಕ್ ತರುತ್ತಾರೆ. ಡಾಕ್ಟರ್ ಬರೆದ ಚೀಟಿ ಕೇಳುವವರಿಲ್ಲ. ಕಡಲೆಮಿಠಾಯಿ ತಂದ ಹಾಗೆ. 2011ರ ಅಧ್ಯಯನದಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ನೋವಿನ ಮಾತ್ರೆಗಳನ್ನು ಆಗಾಗ ತೆಗೆದುಕೊಳ್ಳುವವರಲ್ಲಿ ಡೈವರ್ಟಿಕ್ಯುಲೈಟಿಸ್ ಅಪಾಯ ಶೇ. 72ರಷ್ಟು ಹೆಚ್ಚಿತ್ತು. ಒಮ್ಮೆ ಈ ಕಾಯಿಲೆ ಆದವರು ಸಾಧ್ಯವಾದಷ್ಟು ಇವನ್ನು ಬಿಡಬೇಕು ಅಂತ ಮಾರ್ಗಸೂಚಿಗಳೂ ಹೇಳುತ್ತವೆ. ಆಸ್ಪಿರಿನ್‌ನದ್ದೂ ಸ್ವಲ್ಪ ಪಾಲಿದೆ, ಆದರೆ ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ ಅನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಅಲ್ಲಿ ಲಾಭವೇ ಜಾಸ್ತಿ. ಸಾಸಿವೆಯನ್ನು ಒಗ್ಗರಣೆಯಿಂದ ಹೊರಗೆ ಹಾಕಿದ ಮನೆಯಲ್ಲಿ ಈ ಸ್ಟ್ರಿಪ್ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ನಿಶ್ಚಿಂತೆಯಿಂದ ಕುಳಿತಿತ್ತು.

ಈಗ ಅತ್ತೆಯ ಪೇರಳೆ ಪ್ರಶ್ನೆ. ಮೇಲೆ ಹೇಳಿದ ಆಪರೇಷನ್ ಮತ್ತು ಆಂಟಿಬಯಾಟಿಕ್ ಟ್ರಯಲ್‌ಗಳೆಲ್ಲ ಯುರೋಪಿನವು. ಊಟದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದ ಗಂಡಸರ ಮೇಲೆ. ಅವರ ಚೀಲಗಳು ಇರುವುದು ಬಹುತೇಕ ಎಡಗಡೆ, ಸಿಗ್ಮಾಯಿಡ್ ಅನ್ನುವ, ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ. ಜಪಾನ್, ಕೊರಿಯಾದಲ್ಲಿ ಬಲಗಡೆಯದ್ದೇ ಜಾಸ್ತಿ. ಬಲಗಡೆ ನೋವು ಬಂದರೆ ಎಲ್ಲರೂ ಮೊದಲು ಅನುಮಾನಿಸುವುದು ಅಪೆಂಡಿಕ್ಸ್ ಅನ್ನು. ನಮ್ಮ ಕರಾವಳಿಯವರಲ್ಲಿ ಹೇಗೆ? ಬೇಯಿಸಿದ ಕುಚ್ಚಲಕ್ಕಿ, ಮೀನು, ತೆಂಗಿನಕಾಯಿ ತಿಂದು ಬೆಳೆದವರಲ್ಲಿ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಖುಬ್ಬೂಸ್, ಮಟನ್ ತಿಂದು ವಾಪಸಾದವರಲ್ಲಿ? ಫಿನ್ಲೆಂಡ್‌ನ ಶೇ. 61 ಇವರಿಗೆ ಹೊಂದುತ್ತದೆ ಅಂತ ಅಂದುಕೊಳ್ಳುವುದು ಹೆಚ್ಚುಕಡಿಮೆ ಬೀಜದ ಸಿದ್ಧಾಂತದಷ್ಟೇ ಸಡಿಲ.

ಮತ್ತು ಇದಕ್ಕೆ ದೊಡ್ಡ ಟ್ರಯಲ್ಲೇ ಬೇಕಾಗಿಲ್ಲ. ಮಣಿಪಾಲದಲ್ಲಿ 1953ರಿಂದ, ಮಂಗಳೂರಿನಲ್ಲಿ 1955ರಿಂದ ವೈದ್ಯಕೀಯ ಕಾಲೇಜು ಇದೆ. ಆಮೇಲೆ ಬಂದವು ಎಷ್ಟೋ. ಅರವತ್ತು ಕಿಲೋಮೀಟರ್ ಹೆದ್ದಾರಿಯ ಆಚೀಚೆ ಇಷ್ಟೊಂದು ಸಿಟಿ ಸ್ಕ್ಯಾನರ್ ಇರುವ ಜಾಗ ರಾಜ್ಯದಲ್ಲಿ ಇನ್ನೆಲ್ಲುಂಟು? ಯಾರಿಗೆ ಬಂತು, ಎಡವೋ ಬಲವೋ, ಯಾವ ಮಾತ್ರೆ ತಿನ್ನುತ್ತಿದ್ದರು, ಮತ್ತೆ ಯಾವಾಗ ಬಂತು. ಇಷ್ಟನ್ನು ನಾಲ್ಕೈದು ಆಸ್ಪತ್ರೆಗಳು ಸೇರಿ ಒಂದೇ ನಮೂನೆಯಲ್ಲಿ ಹತ್ತು ವರ್ಷ ಬರೆದಿಟ್ಟರೆ ಸಾಕು. ಓಮ್‌ಸ್ಟೆಡ್‌ನವರು ಮಾಡಿದ್ದು ಅದನ್ನೇ. ಇದರಲ್ಲಿ ಹೊಸ ಔಷಧಿ ಇಲ್ಲ, ಕಂಪನಿಯ ದುಡ್ಡಿಲ್ಲ, ಬಹುಶಃ ಅದಕ್ಕೇ ಆಸಕ್ತಿಯೂ ಇಲ್ಲ.

ಕಳೆದ ತಿಂಗಳು ಮಾವನ ಜೊತೆ ಬೇರೊಬ್ಬ ಸರ್ಜನ್ ಹತ್ತಿರ ಹೋಗಿದ್ದೆ. ಎರಡನೇ ದಾಳಿ ಇಳಿದು ಎಂಟು ವಾರಕ್ಕೆ ಮಾಡಿಸಿದ್ದ ಕೊಲೊನೊಸ್ಕೋಪಿಯ ರಿಪೋರ್ಟ್ ನೋಡಿದರು. ಉರಿಯೂತದ ಹಿಂದೆ ಕ್ಯಾನ್ಸರ್ ಅಡಗಿಲ್ಲ ಅಂತ ಖಚಿತ ಮಾಡಿಕೊಳ್ಳಲು ಅದು ಬೇಕು. ಆಮೇಲೆ ಅವರು ಎಷ್ಟು ಸಲ ಬಂತು ಅಂತ ಕೇಳಲಿಲ್ಲ. ಹೋದ ವರ್ಷ ಎಷ್ಟು ದಿನ ಹಾಳಾಯಿತು ಅಂತ ಕೇಳಿದರು. ಮಾವ ತಲೆ ಕೆರೆದುಕೊಂಡರು. ಅತ್ತೆ ಬ್ಯಾಗಿನಿಂದ ಸುರುಳಿ ಸುತ್ತಿದ ಕ್ಯಾಲೆಂಡರ್ ತೆಗೆದರು, ಅಡುಗೆಮನೆಯ ಗೋಡೆಯದ್ದು. ಹಾಲಿನ ಲೆಕ್ಕ ನೀಲಿಯಲ್ಲಿ, ಗ್ಯಾಸ್ ಬಂದ ದಿನ ಅಡ್ಡಗೆರೆ, ನೋವಿನ ದಿನಕ್ಕೆ ಕೆಂಪು ಚುಕ್ಕೆ. ಆಸ್ಪತ್ರೆಯ ನಾಲ್ಕು ದಿನ ಸೇರಿ ಹದಿನೇಳು ಚುಕ್ಕೆ.

ಡಾಕ್ಟರ್ ಎಣಿಸಿದರು. "ಸದ್ಯಕ್ಕೆ ಆಪರೇಷನ್ ಬೇಡ. ಮಂಡಿ ಮಾತ್ರೆ ನಿಲ್ಲಿಸಿ, ಮೂಳೆ ಡಾಕ್ಟರ್ ಹತ್ತಿರ ಬೇರೆ ದಾರಿ ಕೇಳಿ. ಕಾಳು, ತರಕಾರಿ ನಿಧಾನಕ್ಕೆ ಶುರು ಮಾಡಿ. ಈ ಕ್ಯಾಲೆಂಡರ್ ಮಾತ್ರ ಮುಂದುವರಿಸಿ, ಆರು ತಿಂಗಳಿಗೆ ತನ್ನಿ" ಅಂದರು. ಅತ್ತೆ ಕೇಳಿದ್ದು ಒಂದೇ, ಸಾಸಿವೆ ಹಾಕಬಹುದಾ ಅಂತ.